ಗೋಲ್‌ಕೀಪರ್ ಕರುಣಾ ಮತ್ತು ನಾವು ಒಂಬತ್ತು ಹಿರಿಯರು

ಹೋದ ತಿಂಗಳು ಒಂದು ಶನಿವಾರ ಸಂಜೆ ನಮ್ಮ ಚರ್ಚಿನ ಯುವಕ ಸಂಘದವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ವಿಷಯ: ‘ಭಾರತ ಫುಟ್‌ಬಾಲ್ ತಂಡದ ದಿಗ್ಗಜರು ಮತ್ತು ನಾಳಿನ ತಾರೆಯರು’. ಇಪ್ಪತ್ತು ನಿಮಿಷ ಸಾಕು ಅಂದಿದ್ದರು. ನಾನು ಒಂದೂಕಾಲು ತಾಸು ಕೊರೆದೆ.

ಫುಟ್‌ಬಾಲ್ ಅಂದರೆ ನನಗೆ ಹುಚ್ಚು ಅನ್ನುವುದು ನಿಮಗೆ ಹೊಸ ಸುದ್ದಿಯೇನಲ್ಲ. (‘ಬೇರೆ ಏನಾದರೂ ಬರೆಯಿರಿ ಸರ್’ ಎಂದು ಪತ್ರ ಹಾಕಿದ ಓದುಗರೂ ಇದ್ದಾರೆ.) ಬರಿಗಾಲಲ್ಲಿ ಆಡಿ ಬೂಟು ಹಾಕಿದವರ ಬೆವರಿಳಿಸಿದ ಹಳೆಯ ಹುಲಿಗಳಿಂದ ಶುರು ಮಾಡಿದೆ. ಏಷ್ಯಾದಲ್ಲಿ ನಮ್ಮವರ ಹೆಸರು ಕೇಳಿದರೆ ಎದುರಾಳಿಗಳು ಎಚ್ಚರವಾಗುತ್ತಿದ್ದ ಕಾಲ ಬಂತು. ವರ್ಷಗಟ್ಟಲೆ ಇಡೀ ತಂಡದ ಗೋಲಿನ ಭಾರವನ್ನು ಒಬ್ಬನೇ ಹೊತ್ತ ನಾಯಕ ಬಂದ. ಆಮೇಲೆ ಈಗಿನ ಹುಡುಗರು. ಎಡಗಾಲಿನ ಆ ವಿಂಗರ್, ನಿನ್ನೆಮೊನ್ನೆ ಮೀಸೆ ಬಂದ ಆ ಡಿಫೆಂಡರ್. (ಹೆಸರು ಬರೆಯುವುದಿಲ್ಲ. ಒಬ್ಬರ ಹೆಸರು ಬಿಟ್ಟುಹೋದರೂ ನನಗೆ ಉಳಿಗಾಲವಿಲ್ಲ.) ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಪ್ರಶ್ನೆ ಕೇಳಿ ಅಂದಾಗ ಹಿಂದಿನ ಬೆಂಚಿನಿಂದ ಕರುಣಾ ಎದ್ದಳು. ನಮ್ಮೂರ ಪಕ್ಕದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುವ ಸ್ಯಾಮುವೆಲ್‌ನ ಮಗಳು. ಶಾಲೆಯ ಟೀಮಿನ ಗೋಲ್‌ಕೀಪರ್.

“ಅಂಕಲ್, ಹುಡುಗ್ಯಾರ ಟೀಮಿನ ಬಗ್ಗೆ ಏನೂ ಹೇಳಲೇ ಇಲ್ಲಲ್ರಿ?”

“ಅವರೂ ಛಲೋ ಆಡತಾರವಾ,” ಅಂದೆ.

ಅಷ್ಟೇ. ಒಂದೂಕಾಲು ತಾಸಿನಲ್ಲಿ ಹೆಣ್ಣುಮಕ್ಕಳಿಗೆ ಮೂರು ಶಬ್ದ. ಮನೆಗೆ ಬಂದು ಫೋನ್ ತೆಗೆದು ನೋಡಿದರೆ, ಹೊರದೇಶದ ಕ್ಲಬ್ಬಿಗೆ ಆಡಿ ಬಂದ ಗೋಲ್‌ಕೀಪರ್ ಇದ್ದಾಳೆ, ಹತ್ತಾರು ಗೋಲು ಹೊಡೆದ ಫಾರ್ವರ್ಡ್ ಇದ್ದಾಳೆ, ಶಾಲೆ ಮುಗಿಯುವ ಮೊದಲೇ ದೇಶದ ಜೆರ್ಸಿ ತೊಟ್ಟ ಹುಡುಗಿಯರಿದ್ದಾರೆ. ನನಗೆ ನಾಚಿಕೆಯಾಯಿತು. (ಊಟಕ್ಕೆ ಕರೆದರು. ನಾಚಿಕೆ ಮರೆತೆ.)

ಮರುದಿನ ಆರಾಧನೆ ಮುಗಿದ ಮೇಲೆ ಚರ್ಚಿನ ಹಿರಿಯರ ಸಮಿತಿ ಕೂತಿತು. ನಾವು ಒಂಬತ್ತು ಮಂದಿ, ಜೊತೆಗೆ ಸಭಾಪಾಲಕರಾದ ನಮ್ಮ ಅಯ್ಯನವರು. ಸ್ಯಾಮುವೆಲ್ ಮಗಳನ್ನು ಕರೆದುಕೊಂಡು ಬಂದು ಬಾಗಿಲ ಬಳಿ ನಿಂತ. ಕೈಯಲ್ಲೊಂದು ಪತ್ರ.

ಇಲ್ಲಿ ಒಂದು ವಿಷಯ ಹೇಳಬೇಕು. ಕೂಸಿದ್ದಾಗ ಅಪ್ಪ ಅಮ್ಮ ಕೊಡಿಸಿದ ದೀಕ್ಷಾಸ್ನಾನವನ್ನು ಮಕ್ಕಳು ದೊಡ್ಡವರಾದ ಮೇಲೆ ತಾವೇ ಒಪ್ಪಿಕೊಳ್ಳುವುದಕ್ಕೆ ದೃಢೀಕರಣ ಅನ್ನುತ್ತಾರೆ. ಅದರ ಹಿಂದಿನ ಭಾನುವಾರ ಅವರಿಗೆ ಒಂದು ಪರೀಕ್ಷೆ. ಇಡೀ ಸಭೆಯ ಮುಂದೆ ನಿಲ್ಲಬೇಕು, ಹಿರಿಯರು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಆ ದಿನ ಬರದಿದ್ದರೆ ಆ ವರ್ಷ ದೃಢೀಕರಣ ಇಲ್ಲ. ನಮ್ಮ ಚರ್ಚಿನ ಹಳೆಯ ಪದ್ಧತಿ.

ಕರುಣಾಳಿಗೆ ಅದೇ ಭಾನುವಾರ ಬೆಂಗಳೂರಿನಲ್ಲಿ ಆಯ್ಕೆಯ ಟ್ರಯಲ್ಸ್ ಇತ್ತು. ಜೂನಿಯರ್ ಹುಡುಗಿಯರ ರಾಷ್ಟ್ರೀಯ ಕ್ಯಾಂಪಿಗೆ.

“ಪರೀಕ್ಷಾ ಮೂರ್ನಾಕು ದಿನಾ ಮೊದ್ಲ ತಗೊಂಡ್ರ ಭಾಳ ಉಪಕಾರ ಆಗತಿತ್ರಿ,” ಅಂದ ಸ್ಯಾಮುವೆಲ್. “ಎಲ್ಲಾ ಬಾಯಿಪಾಠ ಮಾಡ್ಯಾಳ್ರಿ. ಈಗ ಕೇಳಿದ್ರ ಈಗ ಹೇಳತಾಳ.”

ಪತ್ರ ಇಂಗ್ಲಿಷಿನಲ್ಲಿತ್ತು. ಎಲ್ಲರೂ ಅದನ್ನು ನನ್ನ ಕಡೆ ದಾಟಿಸಿದರು. ಫುಟ್‌ಬಾಲ್ ಪಂಡಿತ ಅಲ್ಲವೇ? ಮೇಲಿನ ನಾಲ್ಕು ಸಾಲು ಗಟ್ಟಿಯಾಗಿ ಓದಿದೆ. ಮಡಚಿ ವಾಪಸು ಕೊಟ್ಟೆ.

“ಟ್ರಯಲ್ಸ್ ಏನು, ವರ್ಷಾ ವರ್ಷಾ ಇರ್ತಾವ,” ಅಂದೆ. “ಮುಂದಿನ ವರ್ಷ ಹೋಗಲಿ ತಗೋಪಾ.”

ಯಾಕೆ ಹಾಗಂದೆ? ಖರೇ ಹೇಳಿಬಿಡುತ್ತೇನೆ. ಹಿಂದಿನ ವರ್ಷ ಇದೇ ಪರೀಕ್ಷೆಗಾಗಿ ನನ್ನ ಮಗಳು ಶಾಲೆಯ ಪ್ರವಾಸ ಬಿಟ್ಟಿದ್ದಳು. ಎರಡು ದಿನ ಅತ್ತಿದ್ದಳು. ನಮ್ಮ ಮನೆಗೆ ಸಿಗದ ವಿನಾಯಿತಿ ಇನ್ನೊಬ್ಬರ ಮನೆಗೆ ಯಾಕೆ ಸಿಗಬೇಕು? ಬಾಯಲ್ಲಿ ಪದ್ಧತಿಯ ಮಾತಾಡಿದೆ, ಒಳಗೆ ಇದ್ದದ್ದು ಬರೀ ಹೊಟ್ಟೆಕಿಚ್ಚು.

ಅಯ್ಯನವರು ಕೈ ಎತ್ತಲು ಹೇಳಿದರು. ಮೊದಲೇ ಪರೀಕ್ಷೆ ಮಾಡೋಣ ಅಂತ ನಾಲ್ಕು ಕೈ ಎದ್ದವು. ಬೇಡ ಅಂತ ಐದು. ಐದನೆಯದು ನನ್ನದು.

“ಆತ್ರಿ,” ಅಂದ ಸ್ಯಾಮುವೆಲ್. “ನೀವು ತಿಳಿದವರು. ಮುಂದಿನ ವರ್ಷ ಕಳಸತೇನಿ.” ಕರುಣಾ ಅಪ್ಪನ ತೋಳು ಹಿಡಿದು ಏನೋ ಹೇಳಲು ಹೋದಳು. ಆತ ಆಗಲೇ ನಮಗೆಲ್ಲ ಕೈಮುಗಿದು ತಿರುಗಿದ್ದ.

ಪರೀಕ್ಷೆಯ ಭಾನುವಾರ ಬಂತು. ಬಿಳಿ ಬಟ್ಟೆಯ ಮಕ್ಕಳ ಸಾಲಿನಲ್ಲಿ ಕರುಣಾ ಕೊನೆಯವಳು. ಅವಳಿಗೆ ಪ್ರಶ್ನೆ ಕೇಳುವ ಪಾಳಿ ನನ್ನದೇ ಆಗಿತ್ತು. ಹತ್ತು ಆಜ್ಞೆ ಕೇಳಿದೆ, ಒಂದೇ ಉಸಿರಿಗೆ ಹೇಳಿದಳು. ಸ್ವಲ್ಪ ಅಡ್ಡಾದಿಡ್ಡಿ ಪ್ರಶ್ನೆಗಳನ್ನೂ ಎಸೆದೆ. ಬಂದದ್ದನ್ನೆಲ್ಲ ಹಿಡಿದಳು, ಒಂದನ್ನೂ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಅವಳ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ನಾಕು ನಿಮಿಷಾನೂ ಆಗಲಿಲ್ಲ ನೋಡ್ರಿ,” ಅಂದರು ಅಯ್ಯನವರು, ಹೊರಗೆ ಬಂದಾಗ. “ಬುಧವಾರ ಸಂಜೀಕ ನಮ್ಮ ಮನ್ಯಾಗ ಮುಗಿಸಬಹುದಿತ್ತು.”

ನನಗೆ ಚುಚ್ಚಿದಂತಾಯಿತು. ಹುಡುಗಿಯನ್ನು ಸಮಾಧಾನ ಮಾಡೋಣ ಅಂತ ಹೋದೆ. ಅಂಗಳದಲ್ಲಿ ಗೆಳತಿಯರ ಜೊತೆ ನಿಂತಿದ್ದಳು.

“ಭಾರಿ ಹೇಳಿದಿ ನೋಡವಾ. ಮುಂದಿನ ವರ್ಷ ಟ್ರಯಲ್ಸಿಗೆ ನಾನ ನಿಂತು ಕಳಸತೇನಿ.”

“ಮುಂದಿನ ವರ್ಷ ನಂಗ ಆಗಂಗಿಲ್ರಿ ಅಂಕಲ್. ವಯಸ್ಸು ದಾಟತೈತಿ. ಪತ್ರದ ಕೆಳಗ ಬರದಿತ್ತಲ್ರಿ?”

ಕೆಳಗೆ ಬರೆದಿತ್ತು. ನಾನು ಕೆಳಗಿನವರೆಗೆ ಓದಿರಲಿಲ್ಲ.

“ಮತ್ತ ಅವತ್ತ ಯಾಕ ಹೇಳಲಿಲ್ಲ?”

“ಹಿರಿಯರು ಮಾತಾಡುವಾಗ ನಡುವ ಬಾಯಿ ಹಾಕಬಾರದಂತ ದೃಢೀಕರಣದ ಕ್ಲಾಸಿನ್ಯಾಗ ನೀವ ಹೇಳಿದ್ರಲ್ರಿ,” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಮನ್ಯಾಗ ಅಪ್ಪಗ ಹೇಳಿದ್ನಿ. ಫುಟ್‌ಬಾಲ್ ಬಗ್ಗೆ ನಿನಗಿಂತ ಅವರಿಗೆ ಹೆಚ್ಚು ಗೊತ್ತೈತಿ ಅಂದ.”

ತಪ್ಪಾಯಿತು ಅಂದೆ. “ಇರ್ಲಿ ಬಿಡ್ರಿ ಅಂಕಲ್,” ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. “ದೃಢೀಕರಣ ಮುಂದಿನ ವರ್ಷ ಆಗಿದ್ರ ದೇವರು ಒಲ್ಲೆ ಅಂತಿದ್ದನೇನ್ರಿ?”

ಒಂಬತ್ತು ಮಂದಿ ಹಿರಿಯರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ದೃಢೀಕರಣಕ್ಕೆ ವಯಸ್ಸು ಮೀರುವುದಿಲ್ಲ, ನಲವತ್ತಕ್ಕೆ ಬಂದವರಿಗೂ ಮಾಡಿದ್ದೇವೆ. ಆಟಕ್ಕೆ ಮೀರುತ್ತದೆ. ನಾವು ಅದನ್ನು ಉಲ್ಟಾ ಹಿಡಿದು ಕೂತಿದ್ದೆವು.

ಸೋಮವಾರ ಬೆಂಗಳೂರಿಗೆ, ಟ್ರಯಲ್ಸ್ ನಡೆಸಿದವರಿಗೆ ಫೋನ್ ಮಾಡಿದೆ. ‘ಲಿಸ್ಟ್ ಫೈನಲ್ ಆಯ್ತು ಸರ್’ ಅಂದರು, ಮರ್ಯಾದೆಯಿಂದಲೇ. ಮುಂದಿನ ಸಮಿತಿ ಸಭೆಯಲ್ಲಿ ಪದ್ಧತಿ ಸಡಿಲ ಮಾಡೋಣ ಅಂತ ನಾನೇ ಎದ್ದು ನಿಂತೆ. ಒಂಬತ್ತೂ ಕೈ ಎದ್ದವು. ಕರುಣಾಳಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಸಂಜೆ ಹೊತ್ತು ಅವಳು ಈಗಲೂ ಶಾಲೆಯ ಮೈದಾನದಲ್ಲಿ ಗೋಲಿನ ಮುಂದೆ ನಿಲ್ಲುತ್ತಾಳೆ. ನಾನು ಆ ದಾರಿ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗುತ್ತೇನೆ.

ತಾರೆ ಆದ ಮೇಲೆ ನಾವು ಊರ ತುಂಬ ಫ್ಲೆಕ್ಸ್ ಕಟ್ಟುತ್ತೇವೆ. ‘ನಮ್ಮ ಹುಡುಗಿ’ ಅಂತ ಎದೆ ತಟ್ಟಿಕೊಳ್ಳುತ್ತೇವೆ. ಆಗುವ ಮೊದಲು ಆಕೆ ಬಾಗಿಲಿಗೆ ಬಂದು ಒಂದು ದಿನದ ಬಿಡುವು ಕೇಳಿದರೆ ಮಾತ್ರ ನಮಗೆ ಇದ್ದಬಿದ್ದ ಪದ್ಧತಿಗಳೆಲ್ಲ ನೆನಪಾಗುತ್ತವೆ. ಕೆಲವರಿಗೆ ಅದು ಪರೀಕ್ಷೆ, ಕೆಲವರಿಗೆ ಅಕ್ಕನ ಮದುವೆ, ಇನ್ನು ಕೆಲವರಿಗೆ ‘ಹುಡುಗಿ ಚಡ್ಡಿ ಹಾಕಿ ಓಡತಾಳಲ್ಲ’ ಅನ್ನುವ ಪಕ್ಕದ ಮನೆಯವರು.

ದೇಶದ ತಂಡಕ್ಕೆ ಹನ್ನೊಂದು ಮಂದಿ ಸರಿಯಾಗಿ ಸಿಗುವುದಿಲ್ಲವಲ್ಲ ಅಂತ ಟಿವಿ ಮುಂದೆ ಕೂತು ಹಲುಬುತ್ತೀರಲ್ಲ, ನಿಮ್ಮೂರಿನಲ್ಲಿ ಆ ಐದನೆಯ ಕೈ ಯಾರದಾಗಿತ್ತು?