ಹೆಸರು ಹಿಡಿದು ಕರೆದರೆ

ಮೊನ್ನೆ ಮೊಮ್ಮಗಳಿಗೆ ಸೂಜಿ ಹಾಕಿಸಲು ಸೊಸೆಯ ಜೊತೆ ರೋಣದ ದವಾಖಾನೆಗೆ ಹೋಗಿದ್ದೆ. ದವಾಖಾನೆಯ ಸ್ಪಿರಿಟ್ ವಾಸನೆ ಮೂಗಿಗೆ ಬಡಿದರೆ ಕೂಸಿಗಿಂತ ಮೊದಲು ನನಗೇ ಅಳು ಬರುತ್ತದೆ, ಅದು ಬೇರೆ ಮಾತು. ನರ್ಸಮ್ಮ ಸೊಸೆಯ ಕೈಗೆ ಒಂದು ಹಾಳೆ ಕೊಟ್ಟು, ಒಂದೂವರೆ ವರ್ಷದ ಮಕ್ಕಳಿದ್ದವರೆಲ್ಲ ಇದನ್ನು ತುಂಬಬೇಕು ಎಂದಳು. ಮೊದಲನೆಯ ಪ್ರಶ್ನೆಯೇ ಇದು: ಮಗುವನ್ನು ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆಯೇ? ನಾನು ಓದಿದವಳೇ ಸುಮ್ಮನಾದೆ. ನಾನು ಸುಮ್ಮನಾಗುವುದು ನಮ್ಮ ಮನೆಯಲ್ಲಿ ಗಾಬರಿಯ ಸಂಗತಿ. ಸೊಸೆ, ಆರಾಮಿಲ್ಲೇನು ಎಂದು ಕೇಳಿದಳು. ಏನಿಲ್ಲ ಎಂದೆ.

ಏನಿಲ್ಲ ಎಂದದ್ದು ಸುಳ್ಳು. ಈ ಪ್ರಶ್ನೆಯನ್ನು ನಾನು ಒಂದು ಕಾಲದಲ್ಲಿ ರೋಣ, ನರಗುಂದ, ಗಜೇಂದ್ರಗಡದ ಓಣಿ ಓಣಿ ತಿರುಗಿ ಕೇಳಿದವಳು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ನಾನಾಗ ರೋಣದಲ್ಲಿ ಸಾಲಿ ಟೀಚರು. ದೊಡ್ಡ ಊರಿನಿಂದ ಡಾಕ್ಟರರ ಒಂದು ತಂಡ ಆಟಿಸಂ ಕುರಿತ ಸಂಶೋಧನೆಗೆ ನಮ್ಮ ಕಡೆ ಬಂತು. ಈ ಮಕ್ಕಳು ಹಳ್ಳಿಗಳಲ್ಲಿ ಎಷ್ಟಿದ್ದಾರೆ, ಅವರನ್ನು ಬೇಗ ಗುರುತಿಸುವುದು ಹೇಗೆ ಎಂದು ತಿಳಿಯುವುದು ಅವರ ಕೆಲಸ. ಮುಂದಾಳು ಡಾಕ್ಟರ್ ವಸುಧಾ ಮೈಸೂರು ಕಡೆಯವರು, ತೆಳ್ಳಗಿನ ಹುಡುಗಿ, ಮಾತು ಇನ್ನೂ ತೆಳ್ಳಗೆ. ಅವರ ಕನ್ನಡ ನಮ್ಮ ಹೆಂಗಸರಿಗೆ ತಿಳಿಯಲಿಲ್ಲ, ನಮ್ಮದು ಅವರಿಗೆ. ನಡುವೆ ಮಾತಾಡಲು ಒಬ್ಬರು ಬೇಕೆಂದಾಗ ಹೆಡ್‌ಮಾಸ್ತರರು ಒಂದು ಕ್ಷಣವೂ ಯೋಚಿಸದೆ ನನ್ನನ್ನು ಕಳಿಸಿದರು. ಅದು ನನ್ನ ಜಾಣತನಕ್ಕೆ ಸಿಕ್ಕ ಮರ್ಯಾದೆ ಎಂದು ನಾನು ತಿಳಿದೆ. ಸ್ಟಾಫ್ ರೂಮು ಆರು ತಿಂಗಳು ತಣ್ಣಗಿತ್ತೆಂದು ಆಮೇಲೆ ಕೇಳಿದೆ.

ಜೀಪಿನಲ್ಲಿ ಡಾಕ್ಟರು ನನಗೆ ಪಾಠ ಹೇಳುತ್ತಿದ್ದರು. ಇದು ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ, ಹುಟ್ಟುವ ಮೊದಲೇ ಶುರುವಾಗಿರುತ್ತದೆ, ವಂಶವಾಹಿಗಳ ಪಾಲೂ ಉಂಟು, ಪೂರ್ತಿ ಕಾರಣ ಇನ್ನೂ ಯಾರಿಗೂ ಗೊತ್ತಿಲ್ಲ. ರಕ್ತ ತೆಗೆದು ನೋಡಿ ಹೇಳುವ ರೋಗವಲ್ಲ, ಮಗು ಆಡುವುದನ್ನು ನೋಡಿ, ತಾಯಿಯ ಮಾತು ಕೇಳಿ ಹೇಳಬೇಕು. ಈ ಕೊನೆಯ ಮಾತನ್ನು ನಾನು ವಹಿಯಲ್ಲಿ ಬರೆದುಕೊಂಡು ಅಡಿಗೆರೆ ಕೂಡ ಎಳೆದಿದ್ದೆ.

ಕೆಲಸ ಮಜವಾಗಿತ್ತು. ಮಕ್ಕಳ ತಲೆಯ ಸುತ್ತಳತೆ ತೆಗೆಯಬೇಕಿತ್ತು. ಗಜೇಂದ್ರಗಡದಲ್ಲಿ ನಮ್ಮ ಟೇಪು ಕಳೆದು, ದರ್ಜಿ ಹುಸೇನಸಾಬರ ಅಂಗಡಿಯಿಂದ ಒಂದು ಇಸಿದುಕೊಂಡೆವು. ತಲೆ ಅಳೆಯುವುದಕ್ಕೆ ಎಂದು ಕೇಳಿ ಅವರು, ಟೊಪ್ಪಿಗೆ ಇರಬೇಕೆಂದು ತಿಳಿದು, "ಅರ್ಧ ಇಂಚ ಬಿಟ್ಟ ಹಿಡೀರಿ ಅಕ್ಕಾರ, ಮಕ್ಳು ಬೆಳಿತಾವ" ಎಂದರು. ಡಾಕ್ಟರು ಬಿದ್ದು ಬಿದ್ದು ನಕ್ಕರು.

ಆದರೆ ಪ್ರಶ್ನೆಗಳು ನಗಿಸಲಿಲ್ಲ, ಕಂಗೆಡಿಸಿದವು. ನಿಮ್ಮ ಮಗು ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ? ಜಕ್ಕಲಿಯಲ್ಲಿ ಒಬ್ಬ ತಾಯಿ ಸೆಟೆದು ನಿಂತು, "ಇಲ್ರಿ, ನಾವು ಹಂಗ ಬೆಳಸಿಲ್ಲ" ಎಂದಳು. ಹೀರೆಬಳ್ಳಿಯ ಮಿಡಿಗೆ ಬೆರಳು ಮಾಡಿದರೆ ಕೊಳೆಯುತ್ತದೆಂದು ನಮ್ಮಲ್ಲಿ ಮಕ್ಕಳ ಬೆರಳು ಮಡಿಸಿ ಕೂಡಿಸುತ್ತೇವಲ್ಲ! ಚಿಕ್ಕನರಗುಂದದಲ್ಲಿ ಇನ್ನೂ ಫಜೀತಿ. ಒಂದೇ ಓಣಿಯ ನಾಲ್ಕು ಮಕ್ಕಳು ಹೆಸರು ಹಿಡಿದು ಕರೆದರೆ ತಿರುಗಲೇ ಇಲ್ಲ. ಡಾಕ್ಟರ ಮುಖ ಬಿಳುಚಿತು. ನನಗೆ ಮಾತ್ರ ನಗು. ಮಗುವಿಗೆ ಅತ್ತೆಯದೋ ಮಾವನದೋ ಹೆಸರಿಟ್ಟಿದ್ದರೆ ಸೊಸೆಯಾದವಳು ಅದನ್ನು ಬಾಯಲ್ಲಿ ಆಡುವುದುಂಟೆ? ಅಪ್ಪನೂ ತನ್ನ ತಾಯಿಯ ಹೆಸರಿನ ಮಗಳನ್ನು ಅವ್ವಾ ಎಂದೇ ಕರೆಯುತ್ತಾನೆ. ಆ ಮಕ್ಕಳು ತಮ್ಮ ಹೆಸರನ್ನು ಕೇಳಿಯೇ ಇರಲಿಲ್ಲ. "ಬಂಗಾರಿ ಅಂತ ಕರದ ನೋಡ್ರಿ" ಎಂದೆ. ಕರೆದರು. ಓಣಿಯ ಅರ್ಧ ಮಕ್ಕಳು ತಿರುಗಿದವು.

ಡಾಕ್ಟರು ಅಂದೇ ಆ ಪ್ರಶ್ನೆಯನ್ನು ತಿದ್ದಿ, ಮನೆಯಲ್ಲಿ ಕರೆಯುವ ಹೆಸರಿನಿಂದ ಎಂದು ಸೇರಿಸಿದರು. ವಿಜ್ಞಾನಕ್ಕೆ ನನ್ನ ಕಾಣಿಕೆ ಅದು. ಆಮೇಲೆ ನನ್ನ ಹಮ್ಮು ಕೇಳಬೇಡಿ. ಬಸ್ಸಿನಲ್ಲಿ, ಬಾವಿಕಟ್ಟೆಯಲ್ಲಿ, ಲಗ್ನದ ಪಂಕ್ತಿಯಲ್ಲಿ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಅರೆಗೊಡದ ಅಬ್ಬರ ಎನ್ನುವುದು ನನ್ನನ್ನು ನೋಡಿಯೇ ಮಾಡಿದ ಮಾತಿರಬೇಕು.

ಆ ಹಮ್ಮಿನ ದಿನಗಳಲ್ಲೇ ನನ್ನ ತಂಗಿ ಸಾವಿತ್ರಿ ಮನೆಗೆ ಬಂದಳು. ಅವಳನ್ನು ಗಜೇಂದ್ರಗಡದ ಹತ್ತಿರ ಪುರ್ತಗೇರಿಗೆ ಕೊಟ್ಟಿತ್ತು. ಎರಡು ವರ್ಷದ ಮಗಳು ಬಗಲಲ್ಲಿ. ತೀರಿಹೋದ ಅತ್ತೆಯ ಹೆಸರು, ಗಂಗವ್ವ.

"ಅಕ್ಕಾ, ಇಕಿ ಕರದ್ರ ಹೊಳ್ಳಿ ನೋಡೂದಿಲ್ಲ" ಎಂದಳು.

ನಾನು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ಏನಂತ ಕರೀತಿ ಎಂದೆ. ತಾನು ಚಿನ್ನವ್ವ ಎನ್ನುತ್ತೇನೆ, ಗಂಡ ಅವ್ವಾ ಎನ್ನುತ್ತಾನೆ, ಮಾವ ಮುದುಕಿ ಎನ್ನುತ್ತಾರೆ ಎಂದಳು. ಮುಗಿಯಿತು! ನಾಲ್ಕು ಹೆಸರಿನ ಹುಡುಗಿ ಯಾವುದಕ್ಕೆ ತಿರುಗಬೇಕು ಎಂದು ಚಿಕ್ಕನರಗುಂದದ ಕಥೆಯನ್ನು ಕೈ ತಿರುವಿ ತಿರುವಿ ಹೇಳಿದೆ. ಅವಳು ನಗಲಿಲ್ಲ. ಹೆಸರಿನದಷ್ಟೇ ಅಲ್ಲ, ನನ್ನ ಮುಖಾನೇ ನೋಡುವುದಿಲ್ಲ, ಎತ್ತಿಕೊಂಡರೂ ಬೇರೆಲ್ಲೋ ಇರುತ್ತಾಳೆ ಎಂದಳು. ನಿಂಗ ಗಾಬರಿ ಜಾಸ್ತಿ ಎಂದೆ.

ಮುಂದಿನ ವಾರ ಪುರ್ತಗೇರಿಯ ಮಕ್ಕಳ ಪಟ್ಟಿ ಬಂತು. ಗಂಗವ್ವನ ಹೆಸರಿನ ಮೇಲೆ ಡಾಕ್ಟರು ಬೆರಳಿಟ್ಟು, ಈ ಮಗುವಿನ ಬಗ್ಗೆ ಅಂಗನವಾಡಿಯವರು ಏನೋ ಹೇಳಿದ್ದಾರೆ, ನೋಡೋಣವೇ ಎಂದರು. ಅದು ನನ್ನ ತಂಗಿಯ ಮಗಳೇ, ಅದೇ ಹೆಸರಿನ ಗದ್ದಲ, ನೋಡುವ ಅಗತ್ಯವಿಲ್ಲ ಎಂದೆ. ಅವರು ನನ್ನನ್ನು ನಂಬಿ ಹೆಸರು ಹೊಡೆದುಹಾಕಿದರು. ಆ ಊರಲ್ಲಿ ನೋಡಬೇಕಾಗಿದ್ದದ್ದು ಅದೊಂದೇ ಮಗು, ಜೀಪು ಪುರ್ತಗೇರಿಗೆ ಹೋಗಲೇ ಇಲ್ಲ.

ಎರಡು ವರ್ಷ ಕಳೆದವು. ಹುಡುಗಿಗೆ ನಾಲ್ಕು ತುಂಬಿದರೂ ಒಂದು ಮಾತಿಲ್ಲ. ಬಸುರಿಯಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದಳಲ್ಲ ಎಂದು ಓಣಿಯವರು ತಂಗಿಯನ್ನು ಆಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅದೇ ತಂಡ ಮತ್ತೆ ಗಜೇಂದ್ರಗಡಕ್ಕೆ ಬಂತು. ಈ ಸಲ ನಾನೇ ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಹೋದೆ. ಡಾಕ್ಟರು ಹುಡುಗಿಯ ಜೊತೆ ನೆಲದ ಮೇಲೆ ಕೂತು ಒಂದು ತಾಸು ಆಡಿದರು, ತಂಗಿಯ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಆಟಿಸಂ ಎಂದರು.

ತಂಗಿ ಕೇಳಿದ್ದು ಎರಡೇ ಪ್ರಶ್ನೆ. ಗ್ರಹಣದಿಂದ ಆಯಿತೇನು ಎಂಬುದು ಮೊದಲನೆಯದು. "ನೀವು ಮಾಡಿದ್ದರಿಂದ, ಮಾಡದೇ ಇದ್ದದ್ದರಿಂದ ಆದದ್ದಲ್ಲಮ್ಮ ಇದು" ಎಂದು ಡಾಕ್ಟರು ಹೇಳಿದಾಗ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎರಡು ವರ್ಷದ ಅಳು ಅದು. ಆಮೇಲೆ, ಮೊದಲೇ ತೋರಿಸಿದ್ದರೆ ಚಲೋ ಆಗುತ್ತಿತ್ತೇನು ಎಂದಳು. ಎಷ್ಟು ಬೇಗ ಕಲಿಸಲು ಶುರು ಮಾಡಿದರೆ ಅಷ್ಟು ಒಳ್ಳೆಯದು, ಈಗ ಶುರು ಮಾಡೋಣ ಎಂದರು ಡಾಕ್ಟರು. "ಆವಾಗ ನೀವು ನಮ್ಮೂರಿಗೆ ಬರಲಿಲ್ಲಲ್ರಿ" ಎಂದಳು ತಂಗಿ. ಡಾಕ್ಟರು ಒಂದು ಸಲ ನನ್ನ ಕಡೆ ನೋಡಿ ಕಾಗದ ತುಂಬತೊಡಗಿದರು. ಪಟ್ಟಿಯ ಮಾತು ನಾನು ಎತ್ತಲಿಲ್ಲ. ಜೀವಮಾನವಿಡೀ ಮಾತಾಡಿದವಳಿಗೆ ಬೇಕಾದಾಗ ಬಾಯಿ ಬರಲಿಲ್ಲ.

ಗುಳಿಗೆ ಇಲ್ಲ, ಸೂಜಿ ಇಲ್ಲ, ಆಟವೇ ಔಷಧ ಎಂದಿದ್ದರು. ಹುಡುಗಿಗೆ ಯಾವುದು ಇಷ್ಟವೋ ಅದರಲ್ಲೇ ಕಲಿಸಬೇಕು. ಗಂಗವ್ವನಿಗೆ ಇಷ್ಟವಿದ್ದದ್ದು ರೊಟ್ಟಿ ಬಡಿಯುವ ಸಪ್ಪಳ. ತಾಯಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತಳೆಂದರೆ ಎಲ್ಲಿದ್ದರೂ ಬಂದು ಪಕ್ಕದಲ್ಲಿ ಕೂಡುವಳು. ಸರಿ, ಪ್ರತಿ ಐತವಾರ ನಾನು ರೋಣದಿಂದ ಬಸ್ಸು ಹಿಡಿದೆ. ತಂಗಿ ಬಡಿಯುತ್ತ ಬಡಿಯುತ್ತ ನಡುವೆ ನಿಲ್ಲಿಸಬೇಕು, ಹುಡುಗಿ ತಾನಾಗಿ ಕೇಳುವವರೆಗೆ ಕಾಯಬೇಕು. ತಂಗಿಗೆ ಬೇಸರ ಬಂದಾಗ ನಾನು ಬಡಿಯಬೇಕು. ನಾನು ಬಡಿದ ರೊಟ್ಟಿ ಯಾವ ದೇಶದ ನಕಾಶೆ ಎಂದು ಭೂಗೋಳದ ಮಾಸ್ತರರೂ ಹೇಳಲಾರರು. ಅದಕ್ಕಿಂತ ಕಠಿಣವಾದದ್ದು ಬಾಯಿ ಮುಚ್ಚಿಕೊಂಡು ಕಾಯುವುದು. ನಾನು ನಡುವೆ ಮಾತು ಹಾಕಿ ಕೆಡಿಸಿದ ಐತವಾರಗಳಿಗೆ ಲೆಕ್ಕವಿಲ್ಲ.

ಕೆಲವು ತಿಂಗಳಿಗೆ ಹುಡುಗಿ ತಾಯಿಯ ಕೈ ಹಿಡಿದು ಹಿಟ್ಟಿನ ಮೇಲೆ ಇಟ್ಟಳು. ಮುಂದಿನ ವರ್ಷ, ಬಡಿಯುವುದು ನಿಂತಾಗ ಕೈಯ ಬದಲು ತಾಯಿಯ ಮುಖ ನೋಡಿದಳು. ಆರು ತುಂಬಿದ ಮೇಲೆ ಒಂದು ಮುಂಜಾನೆ "ಬಡಿ" ಎಂದಳು. ತಂಗಿ ಅಂದು ಹಿಟ್ಟಿನ ಬುಟ್ಟಿ ಖಾಲಿಯಾಗುವವರೆಗೆ ಬಡಿದಳು. ನಾಲ್ಕು ಮನೆಗೆ ರೊಟ್ಟಿ ಹಂಚಿದೆವು.

ಈಗ ಗಂಗವ್ವ ದೊಡ್ಡವಳು, ನನ್ನ ಐತವಾರಗಳು ಮಾತ್ರ ನಿಂತಿಲ್ಲ. ಮಾತು ಕಡಿಮೆ, ತನ್ನ ರೀತಿಗಳು ಇವೆ, ಗದ್ದಲವಾದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ತಾಯಿಯ ಜೊತೆ ಖಡಕ್ ರೊಟ್ಟಿ ಮಾಡುತ್ತಾಳೆ, ಒಂದರಂತೆ ಒಂದು. ಎರಡು ವರ್ಷ ಮೊದಲೇ ಶುರು ಮಾಡಿದ್ದರೆ ಇನ್ನೂ ನಾಲ್ಕು ಮಾತು ಹೆಚ್ಚು ಬರುತ್ತಿದ್ದವೋ ಇಲ್ಲವೋ, ಯಾವ ಸಂಶೋಧನೆಯೂ ನನಗೆ ಹೇಳಲಾರದು. ಗೊತ್ತಿಲ್ಲದ್ದೇ ದೊಡ್ಡ ಶಿಕ್ಷೆ.

ದವಾಖಾನೆಯ ಬೆಂಚಿನ ಮೇಲೆ ಸೊಸೆ ಹಾಳೆ ಹಿಡಿದು, "ಏನ ಬರೀಲ್ರಿ ಅತ್ತಿ?" ಎಂದು ಕೇಳಿದಳು. ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ನುಂಗಿದೆ. ನೀನು ತಾಯಿ, ನಿನಗೆ ಕಂಡದ್ದು ಬರಿ ಎಂದು ಹೇಳಿ ಹೊರಗೆ ಬಂದು, ಬೇವಿನ ಗಿಡದ ಕೆಳಗೆ ನಿಂತು ತಂಗಿಗೆ ಫೋನು ಹಚ್ಚಿದೆ. ಪಟ್ಟಿ, ಡಾಕ್ಟರು ಕೇಳಿದ್ದು, ನಾನು ಬೇಡ ಎಂದದ್ದು, ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಆಮೇಲೆ ಮಾತು ತುರುಕದೆ ಕಾದೆ.

"ನಾ ಹೇಳಿದ್ನಲ್ಲ ಅಕ್ಕಾ" ಎಂದಳು ಕೊನೆಗೆ. "ನನ್ನ ಮುಖಾ ನೋಡೂದಿಲ್ಲ ಅಂತ ಹೇಳಿದ್ನಲ್ಲ."

ಹೌದು ಎಂದೆ.

"ಸಿಟ್ಟು ಭಾಳ ಬಂದದ. ಲಗೂ ಹೋಗೂದಿಲ್ಲ ಅದು. ಆದ್ರ ಐತವಾರ ತಪ್ಪಸಬ್ಯಾಡ, ಆಕಿ ಕಾಯ್ತಾಳ."

ತಪ್ಪಿಸಲಿಲ್ಲ. ಹೋದಾಗ ಗಂಗವ್ವ ಹೊಸ್ತಿಲ ಮೇಲೆ ಕೂತಿದ್ದಳು, ಸರಿದು ಜಾಗ ಕೊಟ್ಟಳು. ತಂಗಿ ಒಳಗಿದ್ದಳು, ಹೊರಗೆ ಬರಲಿಲ್ಲ. ನಾನು ಕರೆಯಲಿಲ್ಲ. ಅವಳು ಬರುವವರೆಗೆ ಇಬ್ಬರೂ ಅಲ್ಲೇ ಕೂತೆವು.