ತಂಬೂರಿ ಕೇಳಿಸುವ ಮುಳ್ಳು

ಹೊರಟವರು ತಿರುಗಿ ಬರುವುದಿಲ್ಲವೆಂದು ಯಾರೂ ಊರು ಬಿಡದ ಅಮಾವಾಸ್ಯೆಯ ದಿನವೇ ನಾನು ಸಾಲಿ ಬಿಟ್ಟು ಮನೆಯಿಂದ ಹೊರಬಿದ್ದವ. ಅಂದಿನಿಂದ ಕಾಲು ಒಂದೆಡೆ ನಿಂತಿಲ್ಲ. ಜೊತೆಗೆ ತಿರುಗುತ್ತಿದ್ದ ರೆಕಾರ್ಡ್ ಪ್ಲೇಯರಿನ ಮುಳ್ಳು ಹಿಡಿಯುವ ಕಾರ್ಟ್ರಿಜ್ ಹುಬ್ಬಳ್ಳಿಯಲ್ಲಿ ಕೈಕೊಟ್ಟಿತು. ದುರ್ಗದಬೈಲಿನ ರಿಪೇರಿ ಅಂಗಡಿಯ ಕಾಕಾ ನನ್ನ ಹೆಗಲ ಚೀಲ ನೋಡಿ ಕೇಳಿದರು:

“ಏನ್ ಹಾಡು ಕೇಳ್ತೀರಿ?”

“ಖ್ಯಾಲ್ ರೀ.”

ಸಣ್ಣ ಮುಳ್ಳಿನ ಕಾರ್ಟ್ರಿಜ್ ಹಾಕಿ ನನ್ನ ಹಳೇ ರೆಕಾರ್ಡ್ ಹಚ್ಚಿದರು. ಗಾಯಕಿಯ ಬೆನ್ನ ಹಿಂದೆ, ಇಷ್ಟು ವರ್ಷ ನನಗೆ ಕೇಳಿಸದಿದ್ದ ತಂಬೂರಿ ಎದ್ದು ಬಂತು.

“ಇದನ್ನ ಕೊಡ್ರಿ!”

“ಇದಕ್ಕ ಅಲುಗದ ಮೇಜು ಬೇಕು. ನೀವು ಬಸ್ಸಿನ ಮಂದಿ, ದಪ್ಪ ಮುಳ್ಳಿಂದು ಒಯ್ಯಿರಿ.”

“ಅದರಾಗ ತಂಬೂರಿ ಕೇಳಸ್ತೈತೇನ್ರಿ?”

“ಇಲ್ಲ. ತಂಬೂರಿ ಬೇಕಂದ್ರ ಒಂದ್ಕಡೆ ಕುಂದ್ರಬೇಕು, ತಮ್ಮಾ.”

ಕುಂದ್ರೂದು ಬಂದಿದ್ದರೆ ಸಾಲಿಯನ್ನೇ ಮುಗಿಸುತ್ತಿದ್ದೆ. ಸಣ್ಣ ಮುಳ್ಳನ್ನೇ ಹಾಕಿಸಿ, ಪ್ಲೇಯರನ್ನು ಕಾಕಾನ ಮೇಜಿನ ಮೇಲೆಯೇ ಬಿಟ್ಟೆ.

ಈ ಸಲ ಅಮಾವಾಸ್ಯೆ ಕಳೆಯಲೆಂದು ಕಾದು, ಈಗ ಚೀಲ ಕಟ್ಟುತ್ತಿದ್ದೇನೆ. ತಿರುಗಿ ಬರಬೇಕಲ್ಲ!