ಸೌಂಡಿಲ್ಲದ ಲ್ಯಾಪ್‌ಟಾಪಿನಲ್ಲಿ ಹುಡುಗಿ ನೋಡಿದ್ದು

ನಾನು ಕಂಪ್ಯೂಟರಿನಲ್ಲಿ ಲಿನಕ್ಸ್ ಬಳಸುತ್ತೇನೆ. ಯಾರೂ ಕೇಳದಿದ್ದರೂ ಹೇಳುತ್ತೇನೆ. ಲಿನಕ್ಸ್ ಬಳಸುವವರ ಲಕ್ಷಣವೇ ಅದು. ಮಣಿಪಾಲದ ಕಾಲೇಜೊಂದರ ಲೈಬ್ರರಿಯಲ್ಲಿ ನನಗೆ ಕೆಲಸ. ಕಾಪುವಿನಿಂದ ಹೋಗುವ ಬಸ್ಸಿನಲ್ಲಿ ಪಕ್ಕದವರಿಗೂ ಅದರ ಮಹಿಮೆ ವಿವರಿಸುತ್ತೇನೆ. ಮಣಿಪಾಲಕ್ಕೆ ಟಿಕೆಟ್ ಮಾಡಿದವರು ಉಡುಪಿಯಲ್ಲೇ ಇಳಿದುಬಿಟ್ಟದ್ದೂ ಉಂಟು.

ನನ್ನ ಹೆಂಡತಿಯ ತಮ್ಮ ಸುಕೇಶನಿಗೆ ಉಚ್ಚಿಲದಲ್ಲಿ ಬಲೆ, ಹಗ್ಗ ಮಾರುವ ಅಂಗಡಿ. ಗಿರಾಕಿಗಳೊಡನೆ ಅರಳು ಹುರಿದಂತೆ ಮಾತಾಡುವ ಅವನಿಗೆ ಹುಡುಗಿಯ ಎದುರು ಕೂತರೆ ನಾಲಗೆಯೇ ಏಳುವುದಿಲ್ಲ. ಕಾರ್ಕಳ ಕಡೆಯ ಸಂಬಂಧಗಳೆಲ್ಲ ಹಾಗೆಯೇ ತಪ್ಪಿಹೋದವು. ಇದೊಂದು ಆಗದಿದ್ದರೆ ಇನ್ನು ಹುಡುಕುವುದೇ ಬೇಡ ಎಂದು ಅವನೇ ಹೇಳಿಬಿಟ್ಟಿದ್ದ. ಹುಡುಗಿ ಅಶ್ವಿನಿ ಬೆಳ್ಮಣ್ಣಿನವಳು, ಮಸ್ಕತ್‌ನಲ್ಲಿ ಕೆಲಸ. ಆದ್ದರಿಂದ ನೋಡುವ ಶಾಸ್ತ್ರ ವಿಡಿಯೋ ಕಾಲ್‌ನಲ್ಲಿ. ಮೊಬೈಲ್ ಸಾಕು ಎಂದರು ಎಲ್ಲರೂ. ಮೊಬೈಲಿನಲ್ಲಿ ನಮ್ಮೆಲ್ಲರ ಮುಖ ಹಿಡಿಸುವುದಿಲ್ಲ ಎಂದು ನಾನು ಲ್ಯಾಪ್‌ಟಾಪ್ ತೆರೆದೆ.

ಕಾಲ್‌ಗೆ ಬೇಕಾದ ಸಾಫ್ಟ್‌ವೇರ್ ಹಾಕಿದೆ. ಅದು ಬರುವಾಗ ಇನ್ನೇನೇನನ್ನೋ ಎಳೆದುಕೊಂಡು ಬಂತು. ಸೌಂಡ್ ಡ್ರೈವರ್ ಮಾಯವಾಯಿತು. ಸ್ಪೀಕರಿನ ಹೆಸರಿರಬೇಕಾದಲ್ಲಿ ‘ಡಮ್ಮಿ ಔಟ್‌ಪುಟ್’ ಎಂದು ಕಾಣಿಸಿತು. ಅಂತರ್ಜಾಲದಲ್ಲಿ ಹುಡುಕಿದೆ. ಯಾವುದೋ ದೇಶದ ಪುಣ್ಯಾತ್ಮನಿಗೂ ಇದೇ ತೊಂದರೆ. ಕೊನೆಗೆ ಅವನೇ ‘ಸರಿಯಾಯಿತು, ಧನ್ಯವಾದ’ ಎಂದು ಬರೆದಿದ್ದ. ಹೇಗೆ ಎಂದು ಬರೆದಿರಲಿಲ್ಲ. ಬಡಿಯದೆಯೇ ಹುಟ್ಟುವ ಅನಾಹತ ನಾದವನ್ನು ಕೇಳಲು ಯೋಗಿಗಳು ಜನ್ಮವೆಲ್ಲ ತಪಸ್ಸು ಮಾಡುತ್ತಾರಂತೆ. ನಾನಂತೂ ಕೀಬೋರ್ಡನ್ನು ಎಷ್ಟು ಬಡಿದರೂ ಯಾವ ನಾದವೂ ಹುಟ್ಟಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಅಶ್ವಿನಿ ಕಾಣಿಸಿಕೊಂಡಳು. ತುಟಿ ಆಡುತ್ತಿತ್ತು, ಸದ್ದಿಲ್ಲ. ನಾವು ಕಿವಿ ತೋರಿಸಿ ಕೈ ಆಡಿಸಿದೆವು. ಅವಳೂ ಕಿವಿ ಮುಟ್ಟಿ ಏನೋ ಹೇಳಿ ನಕ್ಕಳು. ಅವಳಿಗೂ ಕೇಳುವುದಿಲ್ಲ ಎಂದು ನಾನು ತೀರ್ಪು ಕೊಟ್ಟೆ. ಎರಡೇ ನಿಮಿಷ, ಸರಿಮಾಡುತ್ತೇನೆ ಎಂದೆ. ಮನೆಯವರೆಲ್ಲ ಆರಾಮವಾದರು.

“ಫೋಟೋದಲ್ಲಿ ಇಷ್ಟು ದಪ್ಪ ಇರ್ಲಿಲ್ಲ ಅಲ್ವಾ?” ಎಂದರು ಅತ್ತೆ.

“ನಿಮ್ಮ ಮಗ ಎಂತ ಕಡ್ಡಿಯಾ ಅಮ್ಮ?” ಎಂದಳು ನನ್ನ ಹೆಂಡತಿ.

ನಮ್ಮ ಕಡೆ ಬಂಗಾರ ಕಳೆದರೂ ದನ ಕಳೆದರೂ ಹರಕೆ ಕೊರಗಜ್ಜ ದೈವಕ್ಕೆ. ಸೌಂಡ್ ಕಳೆದುಹೋಗಿದೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಅತ್ತೆ ಅಲ್ಲೇ ಕೈಮುಗಿದು, “ಅಜ್ಜಾ, ಸೌಂಡ್ ಸಿಕ್ಕಿದ್ರೆ ಚಕ್ಕುಲಿ, ವೀಳ್ಯ ಇಡ್ತೇನೆ” ಎಂದುಬಿಟ್ಟರು. ಪರದೆಯಲ್ಲಿ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗುಮುಖದ ಹುಡುಗಿ ಎಂದು ನಾವು ಮೆಚ್ಚಿಕೊಂಡೆವು.

ಆಗ ಸುಕೇಶ ಕುರ್ಚಿ ಎಳೆದುಕೊಂಡು ಪರದೆಯ ಎದುರೇ ಕೂತ. “ಬಿಡಿ ಭಾವ, ಆ ನಗು ನೋಡ್ಲಿಕ್ಕೆ ಸೌಂಡ್ ಎಂತಕ್ಕೆ?” ಎಂದ. ಮತ್ತೆ ಅವಳ ಕಡೆ ತಿರುಗಿ, “ನಿಮಗೆ ಕೇಳುವುದಿಲ್ಲ, ಅದಕ್ಕೆ ಧೈರ್ಯ ಬಂತು. ಕೆಲಸ ಬಿಡ್ಬೇಕು ಅಂತ ನಾನು ಹೇಳುವುದಿಲ್ಲ. ಆದ್ರೆ ನನ್ನ ಅಂಗಡಿಗೆಲ್ಲ ಮೀನಿನ ವಾಸನೆ. ಅಂಗಿಗೂ ಬರ್ತದೆ. ಅದನ್ನು ಮೊದಲೇ ಹೇಳ್ಬೇಕು ಅಂತ ನನಗೆ ಯಾವಾಗಲೂ ಇತ್ತು” ಎಂದ. ಹುಡುಗಿಯ ನಗು ನಿಂತಿತು.

ಮರುಕ್ಷಣ ನನ್ನ ಹೆಂಡತಿಯ ಮೊಬೈಲ್ ಬಡಿದುಕೊಂಡಿತು. ಅಶ್ವಿನಿಯೇ. “ಅಕ್ಕ, ನೀವು ಮಾತಾಡಿದ್ದು ನನಗೆ ಎಲ್ಲ ಕೇಳಿದೆ. ಹೇಳುವ ಅಂತಿದ್ದೆ, ಮನಸ್ಸು ಬರ್ಲಿಲ್ಲ. ಅವರಿಗೆ ಫೋನ್ ಕೊಡ್ತೀರಾ?”

ಮೈಕ್ ಇದ್ದದ್ದು ವೆಬ್‌ಕ್ಯಾಮಿನಲ್ಲಿ; ಸ್ಪೀಕರು ಸತ್ತರೂ ಅದಕ್ಕೆ ಸೂತಕವಿರಲಿಲ್ಲ. ಬಸ್ಸಿನಲ್ಲಿ ಪಾಠ ಹೇಳುವ ಪಂಡಿತನಿಗೆ ಇಷ್ಟು ಹೊಳೆದಿರಲಿಲ್ಲ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸುಕೇಶ ಮತ್ತೆ ಹಳೆಯ ಸುಕೇಶನಾಗಿ, ಫೋನಿಗೆ ‘ಹ್ಞೂಂ, ಹ್ಞೂಂ’ ಎಂದಷ್ಟೇ ಹೇಳಿ ಬೆವರು ಒರೆಸಿಕೊಂಡ.

“ಎಂತ ಹೇಳಿದ್ರು?” ಎಂದು ಎಲ್ಲರೂ ಮುತ್ತಿಕೊಂಡೆವು.

“ವಾಸನೆ ಅಭ್ಯಾಸ ಮಾಡ್ಕೊಳ್ತಾರಂತೆ.”

ನನಗೆ ಕುಣಿಯಬೇಕು ಅನ್ನಿಸಿತು. ಡ್ರೈವರನ್ನು ಮರುದಿನ ತೆಗೆದು ಮತ್ತೆ ಹಾಕಿದೆ, ಸರಿಯಾಯಿತು. ಅದು ಅಂದೇ ಸರಿಯಿದ್ದಿದ್ದರೆ ನಾವೆಲ್ಲ ಸೇರಿ ಸುಕೇಶನ ಪರವಾಗಿ ಬಹಳ ಚೆನ್ನಾಗಿ ಮಾತಾಡಿ, ಈ ಸಂಬಂಧವನ್ನೂ ಕೆಡಿಸುತ್ತಿದ್ದೆವು.

ಮೊನ್ನೆ ಹೆಂಡತಿಯ ದೊಡ್ಡಮ್ಮ ಫೋನ್ ಮಾಡಿದ್ದರು. ಮೊಮ್ಮಗನಿಗೆ ಹುಡುಗಿ ನೋಡುವುದುಂಟಂತೆ, ನನ್ನದೇ ಲ್ಯಾಪ್‌ಟಾಪ್ ಬೇಕಂತೆ. ಈಗ ಸೌಂಡ್ ಬಹಳ ಚೆನ್ನಾಗಿ ಬರುತ್ತದೆ ಎಂದೆ, ಹೆಮ್ಮೆಯಿಂದ.

“ಹೌದಾ? ಹಾಗಾದ್ರೆ ಬೇಡ ಮಾರಾಯ” ಎಂದು ಫೋನ್ ಇಟ್ಟುಬಿಟ್ಟರು.